ವೈಮಾನಿಕರ ಸೊಂಟನೋವು: ಉದ್ಯಮವು ಗಮನಿಸಬೇಕಾದ ಸಂಗತಿ

ವಿಮಾನಯಾನ ಉದ್ಯಮದಲ್ಲಿ ಇಂಧನದ ಬೆಲೆ, ವಿಮಾನಗಳ ಗುತ್ತಿಗೆ ದರ, ನಿಲ್ದಾಣ ಶುಲ್ಕಗಳು ಸದಾ ಚರ್ಚೆಯಲ್ಲಿರುತ್ತವೆ. ವಿಮಾನ ನಡೆಸುವವರ ಬೆನ್ನಿನ ಆರೋಗ್ಯ ಚರ್ಚೆಗೆ ಬರುವುದು ವಿರಳ. ವಾಣಿಜ್ಯ ವೈಮಾನಿಕರು ನಿಯತಕಾಲಿಕ ವೈದ್ಯಕೀಯ ಪರೀಕ್ಷೆಯಲ್ಲಿ ಅರ್ಹರಾಗದೆ ಹಾರಾಟ ನಡೆಸುವಂತಿಲ್ಲ. ತಾತ್ಕಾಲಿಕ ಅನರ್ಹತೆಯಿಂದಲೂ ಅವರ ದುಡಿಮೆಗೆ ಧಕ್ಕೆಯಾಗುತ್ತದೆ. ಸಂಸ್ಥೆಯು ನುರಿತ ಸಿಬ್ಬಂದಿಯ ಸೇವೆಯನ್ನು ಕಳೆದುಕೊಳ್ಳುತ್ತದೆ. ಈ ಭಯದಿಂದಲೇ ನೋವನ್ನು ಮುಚ್ಚಿಡುವವರಿದ್ದಾರೆ.

ಡಿಸ್ಕ್ ಸವೆತದ ಸ್ವರೂಪ

ಸೊಂಟದ ಭಾಗದಲ್ಲಿ ಐದು ಕಶೇರುಕಗಳಿವೆ. ಅವುಗಳ ನಡುವಿನ ಡಿಸ್ಕ್‌ನ ಹೊರಭಾಗ ಗಟ್ಟಿ ನಾರಿನ ಉಂಗುರ. ಒಳಭಾಗ ನೀರಿನಂಶ ತುಂಬಿದ ಮೃದುವಾದ ತಿರುಳು. ವಯಸ್ಕರಲ್ಲಿ ಈ ತಿರುಳಿಗೆ ರಕ್ತನಾಳಗಳಿಲ್ಲ. ಪಕ್ಕದ ಮೂಳೆಯಿಂದ ಜಿನುಗುವ ಪೋಷಕಾಂಶವೇ ಮುಖ್ಯ ಆಧಾರ. ವಯಸ್ಸಾದಂತೆ ನೀರಿನಂಶ ಕುಗ್ಗುತ್ತದೆ, ಉಂಗುರ ಬಿರಿಯುತ್ತದೆ. ತಿರುಳು ಹೊರಚಾಚಿ ನರವನ್ನು ಒತ್ತಿದರೆ ನೋವು ಕಾಲಿಗೂ ಇಳಿಯುತ್ತದೆ. ಸವೆತದಲ್ಲಿ ವಯಸ್ಸು ಮತ್ತು ಅನುವಂಶೀಯತೆಯ ಪಾತ್ರವೂ ದೊಡ್ಡದು, ವೃತ್ತಿಯೊಂದನ್ನೇ ದೂರುವಂತಿಲ್ಲ.

ಆಸನ ಮತ್ತು ಕಂಪನ

ಆದರೆ ನೋವನ್ನು ಹೆಚ್ಚಿಸುವ ಅಂಶಗಳು ವೃತ್ತಿಯಲ್ಲಿಯೇ ಇವೆ. ಹೆಲಿಕಾಪ್ಟರ್ ಚಾಲಕರ ಎಡಗೈ ಆಸನದ ಪಕ್ಕದ ಸನ್ನೆಯ ಮೇಲೆ, ಬಲಗೈ ಮೊಣಕಾಲುಗಳ ನಡುವಿನ ಚಾಲನಾ ದಂಡದ ಮೇಲೆ, ಎರಡೂ ಪಾದಗಳು ಪೆಡಲ್‌ಗಳ ಮೇಲೆ ಇರುತ್ತವೆ. ಹೀಗಾಗಿ ಮುಂಡವು ಮುಂದಕ್ಕೆ ಬಾಗಿ ತುಸು ಎಡಕ್ಕೆ ವಾಲುತ್ತದೆ. ಕುಳಿತ ಮನುಷ್ಯನ ಬೆನ್ನು ಸೆಕೆಂಡಿಗೆ ಸುಮಾರು 4ರಿಂದ 6 ಬಾರಿಯ ಕಂಪನಕ್ಕೆ ಅತಿ ಹೆಚ್ಚು ಸ್ಪಂದಿಸುತ್ತದೆ. ಅನೇಕ ಹೆಲಿಕಾಪ್ಟರ್‌ಗಳ ಮುಖ್ಯ ರೋಟರ್ ತಿರುಗುವ ವೇಗ ಇದರ ಸಮೀಪದಲ್ಲಿಯೇ ಇದೆ. ಪ್ರಯಾಣಿಕ ವಿಮಾನಗಳಲ್ಲಿ ದೀರ್ಘಕಾಲದ ಕುಳಿತಿರುವಿಕೆಯೇ ಮುಖ್ಯ ಹೊರೆ. ಯುದ್ಧವಿಮಾನದಿಂದ ತುರ್ತಾಗಿ ಹೊರಚಿಮ್ಮುವಾಗ ಕಶೇರುಕ ಮುರಿಯುವ ಅಪಾಯವೂ ಉಂಟು.

ಚಿತ್ರವೇ ತೀರ್ಪಲ್ಲ

ಎಂ.ಆರ್.ಐ. ಚಿತ್ರದಲ್ಲಿ ಸವೆತ ಕಂಡೊಡನೆ ವೃತ್ತಿಜೀವನ ಮುಗಿಯಿತೆಂದು ಭಾವಿಸಬೇಕಿಲ್ಲ. ನೋವಿಲ್ಲದವರನ್ನು ಕುರಿತ ಅಧ್ಯಯನಗಳ 2015ರ ಸಮೀಕ್ಷೆಯಂತೆ 20ರ ವಯಸ್ಸಿನವರಲ್ಲಿ ಶೇ. 37, 50ರ ವಯಸ್ಸಿನವರಲ್ಲಿ ಶೇ. 80 ಮಂದಿಗೆ ಸವೆತವಿತ್ತು. ನೋವು, ಕಾಲಿನ ಬಲ ಮತ್ತು ಚಲನೆಯನ್ನು ಚಿತ್ರದೊಡನೆ ತೂಗಿ ನೋಡುವುದು ಅಗತ್ಯ. ಬೇಗ ಹೇಳಿಕೊಂಡವರಿಗೆ ವ್ಯಾಯಾಮ ಮತ್ತು ಫಿಸಿಯೋಥೆರಪಿಯ ಅವಕಾಶ ಹೆಚ್ಚು.

ಕರ್ನಾಟಕದ ಅವಕಾಶ

ವೈಮಾನಿಕ ವೈದ್ಯಶಾಸ್ತ್ರದ ಸಂಶೋಧನೆ ಮತ್ತು ಪರೀಕ್ಷೆ ನಡೆಸುವ ವಾಯುಪಡೆಯ ಸಂಸ್ಥೆಯು 1957ರಿಂದ ಬೆಂಗಳೂರಿನಲ್ಲಿದೆ. ಎಚ್‌.ಎ.ಎಲ್.ನ ‘ಧ್ರುವ’ ಹೆಲಿಕಾಪ್ಟರ್‌ನಲ್ಲಿ ಕಂಪನ ತಗ್ಗಿಸುವ ವಿಶೇಷ ವ್ಯವಸ್ಥೆಯಿದೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಗೊಂಡಿತು. ಬಿಡಿಭಾಗ ತಯಾರಿಸುವ ಸಣ್ಣ ಉದ್ಯಮಗಳಿಗೆ ಆಸನ, ಸೊಂಟದ ಆಧಾರ, ಕಂಪನ ನಿರೋಧಕಗಳು ಪರಿಶೀಲನಾರ್ಹ ಕ್ಷೇತ್ರ. ಒಂದು ಎಚ್ಚರಿಕೆ: ಹೆಚ್ಚು ಮೆತ್ತನೆಯ ದಪ್ಪ ದಿಂಬು ಹಿತವೆನಿಸಿದರೂ ಅಪಘಾತದ ಆಘಾತದಲ್ಲಿ ಬೆನ್ನೆಲುಬಿನ ಮೇಲಿನ ಒತ್ತಡವನ್ನು ಹೆಚ್ಚಿಸಬಲ್ಲದು. ಆದ್ದರಿಂದ ಅನುಮೋದನೆಯಿಲ್ಲದ ಬದಲಾವಣೆ ಸಲ್ಲದು.

ಆಡಳಿತವರ್ಗವು ನೋವು ಹೇಳಿಕೊಂಡವರನ್ನು ಶಂಕಿಸದೆ ಚಿಕಿತ್ಸೆಗೆ ರಜೆ, ನೆಲದ ಮೇಲಿನ ತಾತ್ಕಾಲಿಕ ಕೆಲಸ ಮತ್ತು ಪರವಾನಗಿ ನಷ್ಟದ ವಿಮೆಯನ್ನು ಒದಗಿಸಬೇಕು. ಮೌನವಾಗಿ ಸಹಿಸಿದ ನೋವು ಕಾಕ್‌ಪಿಟ್‌ನಲ್ಲಿ ಏಕಾಗ್ರತೆಯನ್ನು ಕದಿಯುತ್ತದೆ. ಅದರ ಬೆಲೆಯನ್ನು ವೈಮಾನಿಕರಷ್ಟೇ ಅಲ್ಲ, ಸಂಸ್ಥೆಯೂ ಪ್ರಯಾಣಿಕರೂ ತೆರಬೇಕಾದೀತು.