ಒಂದೇ ನೊಗಕ್ಕೆ ಎರಡು ಎಂಜಿನ್

ಮಸಗುಪ್ಪಿ, ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆ ಜಾತ್ರೆಯ ಹ್ಯಾಂಡ್‌ಬಿಲ್ ಕೈಗೆ ಸಿಕ್ಕರೆ ಪಲ್ಲಕ್ಕಿಯ ಹೊತ್ತು, ಮಹಾಪ್ರಸಾದದ ಹೊತ್ತು ನೋಡಿ ಮಡಚಿಡಬೇಡಿ. ಕೆಳಗೆ ದಪ್ಪ ಅಕ್ಷರದಲ್ಲಿ ಶರ್ಯತ್ತುಗಳ, ಅಂದರೆ ಓಟದ ಪಂದ್ಯಗಳ, ಪಟ್ಟಿ ಇರುತ್ತದೆ. ಜೋಡೆತ್ತಿನ ಗಾಡಿ, ಜೋಡು ಕುದುರೆ ಗಾಡಿ, ಸೈಕಲ್ಲು. ಘಟಪ್ರಭೆಯಿಂದ ಕೃಷ್ಣೆಯವರೆಗಿನ ಈ ಸೀಮೆಯಲ್ಲಿ, ಗಡಿಯಾಚೆ ಸಾಂಗಲಿ, ಕೊಲ್ಹಾಪುರಗಳಲ್ಲೂ, ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಕೊಳ್ಳುವುದುಂಟು: ಒಂದು ಕುದುರೆ, ಒಂದು ಎತ್ತಿನ ಗಾಡಿ.

ಊರವರಿಗೆ ಇದು ಹೊಸದಲ್ಲ. ಜೀವವಿಜ್ಞಾನ ಓದಿದವರು ಮಾತ್ರ ಈ ಸಾಲಿನ ಮುಂದೆ ಸ್ವಲ್ಪ ನಿಲ್ಲಬೇಕು. ಒಂದೇ ನೊಗಕ್ಕೆ ಬೇರೆಬೇರೆ ಕುಲದ ಎರಡು ಎಂಜಿನ್ ಹೂಡುವುದು ಇದು. ನೊಗವಿಲ್ಲದೆ ಆ ಎರಡನ್ನೂ ಹೋಲಿಸಿ ನೋಡುವ ಯೋಚನೆ ಪ್ರಯೋಗಾಲಯದವರಿಗೂ ಬಂದಿತ್ತು. ಅಮೆರಿಕದ ಸಿ. ರಿಚರ್ಡ್ ಟೇಲರ್ ಮತ್ತು ಸ್ವಿಟ್ಜರ್ಲೆಂಡಿನ ಎವಾಲ್ಡ್ ವೈಬೆಲ್ ಅವರ ತಂಡ ಹೆಚ್ಚುಕಡಿಮೆ ಒಂದೇ ತೂಕದ ಕುದುರೆ ಮತ್ತು ಎತ್ತುಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಮುಖಕ್ಕೆ ಮುಸುಕು ಕಟ್ಟಿ, ಅವು ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸುತ್ತವೆ ಎಂದು ಅಳೆಯಿತು. ಫಲಿತಾಂಶ 1987ರಲ್ಲಿ ಪ್ರಕಟವಾಯಿತು. ಕುದುರೆ ಪೂರ್ತಿ ಬಲ ಹಾಕಿ ಓಡುವಾಗ ಪ್ರತಿ ಕಿಲೋ ತೂಕಕ್ಕೆ ಬಳಸುವ ಆಮ್ಲಜನಕ, ಎತ್ತು ಬಳಸುವುದರ ಸುಮಾರು ಎರಡೂವರೆ ಪಟ್ಟು.

ಈ ಅಂತರ ಎಲ್ಲಿಂದ ಬರುತ್ತದೆ ಎಂದು ಅವರು ಮೂಗಿನಿಂದ ಸ್ನಾಯುವಿನವರೆಗೆ ಒಂದೊಂದೇ ಹಂತ ಬಿಚ್ಚಿ ನೋಡಿದರು. ಶ್ವಾಸಕೋಶದಲ್ಲಿ ಅಷ್ಟು ದೊಡ್ಡ ವ್ಯತ್ಯಾಸವಿರಲಿಲ್ಲ. ಹೃದಯದಲ್ಲಿತ್ತು: ಕುದುರೆಯ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ರಕ್ತದಲ್ಲೂ ಇತ್ತು. ಕುದುರೆಯ ಗುಲ್ಮ, ಅಂದರೆ ಹೊಟ್ಟೆಯ ಎಡಗಡೆ ಇರುವ ಸ್ಪ್ಲೀನ್, ಕೆಂಪು ರಕ್ತಕಣಗಳ ದಾಸ್ತಾನು ಕೋಣೆ. ಓಟ ಶುರುವಾದ ಕೂಡಲೇ ಅದು ಹಿಂಡಿಕೊಂಡು ತನ್ನಲ್ಲಿದ್ದ ಕಣಗಳನ್ನೆಲ್ಲ ರಕ್ತಕ್ಕೆ ಸುರಿಯುತ್ತದೆ. ನಿಂತಾಗ ರಕ್ತದ ಶೇ. 40ರ ಆಸುಪಾಸು ಇದ್ದ ಕಣಗಳ ಪಾಲು ಓಟದಲ್ಲಿ ಶೇ. 60 ದಾಟುತ್ತದೆ. ಎತ್ತಿಗೆ ಈ ಅನುಕೂಲ ಇಲ್ಲವೆನ್ನುವಷ್ಟು ಕಡಿಮೆ. ಕೊನೆಯ ಹಂತ ಸ್ನಾಯು. ಆಮ್ಲಜನಕವನ್ನು ಉರಿಸುವ ಒಲೆಗಳಾದ ಮೈಟೊಕಾಂಡ್ರಿಯಗಳು ಕುದುರೆಯ ಮೈಯಲ್ಲಿ ಹೆಚ್ಚು, ಅದೂ ಸರಿಸುಮಾರು ಅದೇ ಎರಡೂವರೆ ಪಟ್ಟು.

ಹಾಗಾದರೆ ಆ ಗಾಡಿ ಓಡುವುದಾದರೂ ಹೇಗೆ? ಓಟ ಚಿಕ್ಕದಾಗಿದ್ದರೆ ಓಡುತ್ತದೆ. ಮೊದಲ ಅರ್ಧ ನಿಮಿಷ, ಮುಕ್ಕಾಲು ನಿಮಿಷ ಯಾವ ಪ್ರಾಣಿಯೂ ಉಸಿರಿನ ಬಲದ ಮೇಲಷ್ಟೇ ಓಡುವುದಿಲ್ಲ. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಆಮ್ಲಜನಕದ ಹಂಗಿಲ್ಲದೆ ಒಡೆಯುತ್ತದೆ, ಬಾಕಿಯನ್ನು ಆಮೇಲೆ ತೀರಿಸಬೇಕು. ಈ ಸಾಲದ ಹೊತ್ತಿನಲ್ಲಿ ಒಳ್ಳೆಯ ಕಿಲಾರಿ ತಳಿಯ ಎತ್ತು ಕುದುರೆಗೆ ಹೆಗಲು ಕೊಟ್ಟು ಬರಬಲ್ಲದು. ಅಂತರ ಕಿಲೋಮೀಟರಿಗೆ ಏರಿದಂತೆ ಲೆಕ್ಕ ಬದಲಾಗುತ್ತದೆ. ಕುದುರೆ ಇನ್ನೂ ಉಸಿರಿನ ಖರ್ಚಿನಲ್ಲೇ ಇರುವಾಗ ಎತ್ತು ಸಾಲದಲ್ಲಿ ಮುಳುಗಿರುತ್ತದೆ. ನೊಗ ಒಂದೇ ಆದ್ದರಿಂದ ಕುದುರೆ ಬಿಟ್ಟು ಹೋಗುವಂತಿಲ್ಲ, ಎತ್ತು ಹಿಂದೆ ಉಳಿಯುವಂತಿಲ್ಲ.

ಇದಕ್ಕೆ ಸರಿಯಾದ ಹೋಲಿಕೆ ನಮ್ಮ ಕೊಟ್ಟಿಗೆಯಲ್ಲಿಲ್ಲ, ಅಮೆರಿಕದ ಸ್ಟಾಕ್ ಕಾರ್ ರೇಸಿನಲ್ಲಿದೆ. ಅಂಗಡಿಯಲ್ಲಿ ಮಾರುವ ಸಾದಾ ಕಾರುಗಳನ್ನೇ ಓಡಿಸುವುದೆಂದು ಶುರುವಾದ ಆಟ ಅದು. ನಾಸ್ಕಾರ್ ಸಂಸ್ಥೆ ಹುಟ್ಟಿದ್ದು 1948ರಲ್ಲಿ. ಈಗಿನ ಕಾರಿಗೆ ಅಂಗಡಿಯ ಕಾರಿನೊಡನೆ ಉಳಿದಿರುವುದು ಮುಖಚಹರೆಯ ಸಂಬಂಧ ಮಾತ್ರ. ಓಡುವುದು ಹೆಚ್ಚಾಗಿ ಮೊಟ್ಟೆಯಾಕಾರದ ಪಥದಲ್ಲಿ, ತಿರುಗುವುದೆಲ್ಲ ಎಡಕ್ಕೇ. ಅಲಬಾಮಾದ ಟಾಲಡೇಗಾ ಪಥ ಸುತ್ತಿಗೆ 4 ಕಿ.ಮೀ.ಗೂ ಹೆಚ್ಚು, ತಿರುವುಗಳಲ್ಲಿ ರಸ್ತೆಯನ್ನು 33 ಡಿಗ್ರಿ ಓರೆಯಾಗಿ ಎತ್ತಿದ್ದಾರೆ. ಹತ್ತಲು ಹೋದರೆ ಕೈಯೂರಬೇಕಾದಷ್ಟು ಕಡಿದು. ಆ ಓರೆ ಇರುವುದರಿಂದ ಕಾರನ್ನು ಒಳಕ್ಕೆ ತಳ್ಳುವ ಕೆಲಸದಲ್ಲಿ ಒಂದು ಪಾಲನ್ನು ರಸ್ತೆಯೇ ವಹಿಸಿಕೊಳ್ಳುತ್ತದೆ, ಟೈರಿನ ಹಿಡಿತದ ಮೇಲಿನ ಭಾರ ತಗ್ಗುತ್ತದೆ. ಚಾಲಕ ತಿರುವಿನಲ್ಲೂ ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯುವುದಿಲ್ಲ.

1987ರಲ್ಲಿ ಇದೇ ಪಥದಲ್ಲಿ ಬಿಲ್ ಎಲಿಯಟ್ ಗಂಟೆಗೆ 212.809 ಮೈಲಿ, ಅಂದರೆ 342 ಕಿ.ಮೀ. ವೇಗದಲ್ಲಿ ಅರ್ಹತಾ ಸುತ್ತು ಮುಗಿಸಿದ. ಅದೇ ರೇಸಿನಲ್ಲಿ ಬಾಬಿ ಅಲಿಸನ್‌ನ ಕಾರಿನ ಟೈರು ಒಡೆದು, ಕಾರು ಗಾಳಿಗೆ ಎದ್ದು, ಪ್ರೇಕ್ಷಕರ ಮುಂದಿನ ತಂತಿಬೇಲಿಯನ್ನು ಹರಿದುಹಾಕಿತು. ವೇಗ ಇಳಿಸಲೇಬೇಕಾಯಿತು. ನಾಸ್ಕಾರ್ ಎಂಜಿನನ್ನು ಚಿಕ್ಕದು ಮಾಡಲಿಲ್ಲ, ಉಸಿರು ಕಟ್ಟಿತು. 1988ರಲ್ಲಿ ಟಾಲಡೇಗಾ ಮತ್ತು ಡೇಟೋನಾ ಪಥಗಳಲ್ಲಿ ಕಾರ್ಬ್ಯುರೇಟರಿನ ಕೆಳಗೆ ನಾಲ್ಕು ತೂತಿನ ಒಂದು ತಗಡು ಕೂರಿಸುವುದು ಕಡ್ಡಾಯವಾಯಿತು. ಅದರ ಹೆಸರು ರೆಸ್ಟ್ರಿಕ್ಟರ್ ಪ್ಲೇಟ್. ಗಾಳಿ ಕಡಿಮೆ ಹೋದರೆ ಇಂಧನ ಕಡಿಮೆ ಉರಿಯುತ್ತದೆ. ಅದೇ ಸುಮಾರು 5.8 ಲೀಟರಿನ ವಿ-8 ಎಂಜಿನ್, ಅದೇ ಪಿಸ್ಟನ್. ನೂರಾರು ಅಶ್ವಶಕ್ತಿ ಮಾತ್ರ ಮಾಯ.

ಎತ್ತು ಹುಟ್ಟುವಾಗಲೇ ಆ ತಗಡು ಹಾಕಿಸಿಕೊಂಡು ಬಂದ ಪ್ರಾಣಿ. ಸ್ನಾಯುವಿನ ರಾಶಿ ಅದಕ್ಕೂ ಇದೆ, ಆಮ್ಲಜನಕದ ದಾರಿ ಸಣ್ಣದು. ಒಂದೇ ವ್ಯತ್ಯಾಸವೆಂದರೆ ನಾಸ್ಕಾರ್ ಎಲ್ಲ ಕಾರುಗಳಿಗೂ ಒಂದೇ ಅಳತೆಯ ತೂತು ಕೊಟ್ಟಿತು; ಯಾರಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದರಿಂದ ಅಲ್ಲೊಂದು ಹೊಸ ಪೀಡೆ ಹುಟ್ಟಿತು. ಎಲ್ಲ ಕಾರುಗಳೂ ಒಂದೇ ವೇಗಕ್ಕೆ ಬಂದು ಮೂವತ್ತು ನಲವತ್ತು ಕಾರುಗಳ ಹಿಂಡಾಗಿ ಓಡತೊಡಗಿದವು, ಒಂದು ಜಾರಿದರೆ ಹದಿನೈದು ಜಜ್ಜಿಹೋಗುವುದು ಮಾಮೂಲಾಯಿತು. ನಮ್ಮ ಒಂದು ಕುದುರೆ ಒಂದು ಎತ್ತಿನ ಗಾಡಿಯಲ್ಲಿ ತಗಡು ಒಂದು ಎಂಜಿನ್ನಿಗೆ ಮಾತ್ರ ಇದೆ, ಮತ್ತು ಬಾರುಕೋಲು ಬೀಳುವುದು ಸಾಮಾನ್ಯವಾಗಿ ಆ ಎಂಜಿನ್ ಮೇಲೆಯೇ.

ಎತ್ತು ಹೀಗಿರುವುದು ಕೊರತೆಯಿಂದಲ್ಲ, ಕೆಲಸದಿಂದ. ಅದರ ಹೊಟ್ಟೆಯೊಳಗೆ ನೂರು ಲೀಟರಿಗೂ ಮೀರಿದ ಒಂದು ಹುದುಗು ತೊಟ್ಟಿಯಿದೆ. ಜೋಳದ ಕಣಿಕೆ, ಕಬ್ಬಿನ ಸೋಗೆ, ಬೇರೆ ಯಾರಿಗೂ ಬೇಡದ ನಾರು ಅಲ್ಲಿ ಸೂಕ್ಷ್ಮಾಣುಗಳ ಬಾಯಿಗೆ ಬಿದ್ದು ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳಾಗುತ್ತದೆ; ಎತ್ತು ಬದುಕುವುದು ಆ ಆಮ್ಲಗಳ ಮೇಲೆ. ಸಕ್ಕರೆ ಕರುಳಿನಿಂದ ನೇರವಾಗಿ ಸಿಗುವುದು ಅಲ್ಪ. ಬೇಕಾದ ಗ್ಲೂಕೋಸನ್ನು ಯಕೃತ್ತು ಹೆಚ್ಚಾಗಿ ಪ್ರೊಪಿಯಾನಿಕ್ ಆಮ್ಲದಿಂದ ನಿಧಾನವಾಗಿ ಕಟ್ಟಬೇಕು. ಹಾಗಾಗಿ ಓಟದಲ್ಲಿ ಖಾಲಿಯಾದ ಗ್ಲೈಕೋಜನ್ ಮತ್ತೆ ತುಂಬಲು ತಡವಾಗುತ್ತದೆ. ಕುದುರೆಯ ಹೊಟ್ಟೆ ತಿರುಗಾಮುರುಗಾ: ಹಿಟ್ಟು, ಸಕ್ಕರೆ ಮೊದಲು ಸಣ್ಣ ಕರುಳಿನಲ್ಲಿ ನೇರ ರಕ್ತಕ್ಕೆ, ನಾರಿನ ಹುದುಗು ಆಮೇಲೆ ಹಿಂದಿನ ಕರುಳಿನಲ್ಲಿ. ಶರ್ಯತ್ತಿನ ಎತ್ತಿಗೆ ಕಾಳು, ಹಿಟ್ಟು, ಬೆಲ್ಲ ಹೆಚ್ಚು ಹಾಕಿ ಜೋರು ಬರಿಸುತ್ತೇವೆ ಎನ್ನುವವರು ಒಂದು ವಿಷಯ ತಿಳಿದಿರಬೇಕು. ಒಮ್ಮೆಲೇ ಹೆಚ್ಚಿದ ಹಿಟ್ಟು ಆ ತೊಟ್ಟಿಯಲ್ಲಿ ಲ್ಯಾಕ್ಟಿಕ್ ಆಮ್ಲವಾಗಿ, ಮೆಲುಕು ನಿಂತು, ಗೊರಸಿನ ಒಳಪದರಕ್ಕೂ ಪೆಟ್ಟು ಬೀಳುತ್ತದೆ. ಇನ್ನು ಓಟದ ಮುಂಚೆ ಹೊಟ್ಟೆ ತುಂಬ ಮೇಯಿಸಿದರೆ ತೊಟ್ಟಿ ವಪೆಯನ್ನು ಮುಂದಕ್ಕೆ ಒತ್ತಿ, ಮೊದಲೇ ಸಣ್ಣದಾದ ಆಮ್ಲಜನಕದ ದಾರಿಯನ್ನು ಇನ್ನಷ್ಟು ಕಿರಿದು ಮಾಡುತ್ತದೆ.

ಈ ದೇಹ ಬೆಳಗುವುದು ನಡಿಗೆಯಲ್ಲಿ. ಕಿಲಾರಿಯ ತವರು ಸಾತಾರಾ, ಸೊಲ್ಲಾಪುರ, ಸಾಂಗಲಿಗಳ ಮಳೆ ಕಡಿಮೆಯ ಸೀಮೆ. ಅಲ್ಲಿಂದ ವಿಜಯಪುರ, ಬೆಳಗಾವಿ, ಬಾಗಲಕೋಟೆಗಳವರೆಗೂ ಅದರದೇ ರಾಜ್ಯ. ಬೂದು ಬಿಳಿ ಮೈ, ಬಿಗಿಯಾದ ಹೊಟ್ಟೆ, ಹಿಂದಕ್ಕೆ ಬಾಗಿ ಮೇಲೇರಿದ ಉದ್ದ ಕೊಂಬು. ತಳಿ ವಿಜ್ಞಾನಿಗಳು ಅದನ್ನು ಹಳ್ಳಿಕಾರ್, ಅಮೃತಮಹಲ್‌ಗಳ ಮೈಸೂರು ಬಳಗಕ್ಕೇ ಸೇರಿಸುತ್ತಾರೆ. ಅಮೃತಮಹಲ್ ಎತ್ತುಗಳ ಬಲದಿಂದ ಹೈದರಾಲಿಯ ಸೈನ್ಯ ಚಿದಂಬರಕ್ಕೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿತೆಂದು ಹೇಳುವುದಿದೆ. ದಿನಕ್ಕೆ ಅರವತ್ತು ಕಿಲೋಮೀಟರಿನ ಮೇಲೆ, ತೋಪು ಎಳೆದುಕೊಂಡು, ಸಿಕ್ಕ ಒಣಹುಲ್ಲು ತಿಂದು. ಹೊಲದಲ್ಲಿ ಒಂದು ಜೋಡಿ ಎತ್ತು ಗಂಟೆಗೆ ಎರಡೂವರೆ ಮೂರು ಕಿ.ಮೀ. ವೇಗದಲ್ಲಿ ನೇಗಿಲು ಎಳೆಯುವಾಗ ಕೊಡುವ ಶಕ್ತಿ ಸುಮಾರು 1 ಅಶ್ವಶಕ್ತಿ. ಅದನ್ನು ಗಂಟೆಗಟ್ಟಲೆ ಕೊಡಬಲ್ಲದು ಎನ್ನುವುದೇ ಅದರ ಹೆಚ್ಚುಗಾರಿಕೆ.

ಹೋರಿಯನ್ನು ಎತ್ತು ಮಾಡುವ ಕ್ರಮವೂ ಅದರ ಆಕಾರದಲ್ಲಿ ಪಾಲುದಾರ. ಸಣ್ಣ ವಯಸ್ಸಿನಲ್ಲೇ ಬೀಜ ಒಡೆಸಿದ ಹೋರಿಯಲ್ಲಿ ಕಾಲಿನ ಮೂಳೆಯ ಬೆಳವಣಿಗೆ ಪದರ ತಡವಾಗಿ ಮುಚ್ಚುತ್ತದೆ. ಕಾಲು ಉದ್ದವಾಗುತ್ತದೆ, ಹೋರಿಯ ದಪ್ಪ ಕುತ್ತಿಗೆ ಬರುವುದಿಲ್ಲ. ಕಾಲಿನ ತುದಿಯಲ್ಲೂ ಕುದುರೆಗೂ ಎತ್ತಿಗೂ ಕುಲಭೇದವಿದೆ. ಕುದುರೆಯದು ಒಂದೇ ಗೊರಸು, ನಾಲು ಒಂದೇ ತುಂಡು. ಎತ್ತಿನದು ಸೀಳು ಗೊರಸು. ಕಾಲಿಗೆ ಎರಡರಂತೆ ಎಂಟು ತುಂಡು ನಾಲು ಬೇಕು. ಕುದುರೆ ಮೂರು ಕಾಲ ಮೇಲೆ ನಿಂತು ನಾಲು ಹೊಡೆಸಿಕೊಳ್ಳುತ್ತದೆ, ಎತ್ತನ್ನು ಕೆಡವಿ ಕಾಲು ಕಟ್ಟಬೇಕು. ಸೀಳು ಗೊರಸು ಕೆಸರಿನಲ್ಲಿ ಅಗಲವಾಗಿ ಊರುತ್ತದೆ, ಕಪ್ಪು ಮಣ್ಣಿನ ಹೊಲಕ್ಕೆ ಹೇಳಿ ಮಾಡಿಸಿದ್ದು. ಡಾಂಬರಿನ ಮೇಲೆ ಅದು ಜಾರುತ್ತದೆ. ಡಾಂಬರು ರಸ್ತೆಯಲ್ಲಿ ಓಟ ಇಡುವುದು ಎತ್ತಿನ ದೃಷ್ಟಿಯಿಂದ ಶುದ್ಧ ಅವಿವೇಕವೆಂದೇ ನನ್ನ ಅಭಿಪ್ರಾಯ.

ಇನ್ನೊಂದು ವಿಷಯದಲ್ಲೂ ಎತ್ತು ಮುಂದು: ಬಿಸಿಲು. ಸ್ನಾಯುವಿನಲ್ಲಿ ಉರಿದ ಶಕ್ತಿಯ ಮುಕ್ಕಾಲು ಪಾಲು ಕೆಲಸವಾಗದೆ ಶಾಖವಾಗುತ್ತದೆ, ಕಾರಿನ ಎಂಜಿನ್ನಿನ ಹಣೆಬರಹವೂ ಹೆಚ್ಚುಕಡಿಮೆ ಇದೇ. ಸ್ಟಾಕ್ ಕಾರಿಗೆ ಮೂತಿಯಲ್ಲಿ ರೇಡಿಯೇಟರ್ ಇದೆ. ಹಿಣಿಲಿರುವ ನಮ್ಮ ದನಗಳಿಗೆ ಇಡೀ ಚರ್ಮವೇ ರೇಡಿಯೇಟರ್. ಜರ್ಸಿ, ಎಚ್.ಎಫ್. ದನಗಳಿಗಿಂತ ಇವುಗಳ ಬೆವರಿನ ಗ್ರಂಥಿ ದೊಡ್ಡವು, ಮೇಲ್ಪದರಕ್ಕೆ ಹತ್ತಿರ. ತುಪ್ಪಟ ಗಿಡ್ಡ, ಬಣ್ಣ ಬಿಳುಪು, ಗಂಗೆದೊಗಲು ಜೋಲುವುದರಿಂದ ಮೈಯ ವಿಸ್ತಾರ ಹೆಚ್ಚು. ಕುದುರೆ ಬೆವರುವುದರಲ್ಲಿ ಇದನ್ನೂ ಮೀರಿಸುತ್ತದೆ, ಗಂಟೆಗೆ ಹತ್ತು ಲೀಟರ್ ದಾಟಬಲ್ಲದು. ಬೆವರಿನಲ್ಲಿ ಲ್ಯಾಥರಿನ್ ಎಂಬ ಪ್ರೋಟೀನ್ ಇದೆ, ಕುತ್ತಿಗೆಯ ಮೇಲೆ ನೊರೆ ಕಟ್ಟುವುದು ಅದಕ್ಕೇ. ಆದರೆ ಕುದುರೆ ಒಳಗೆ ಉರಿಸುವುದೂ ಅಷ್ಟೇ ಹೆಚ್ಚು, ಬೆವರಿನೊಡನೆ ಉಪ್ಪು ಕಳೆದುಕೊಳ್ಳುವುದೂ ಹೆಚ್ಚು. ನೆರಳಿಲ್ಲದ ಏಪ್ರಿಲ್ ಮಧ್ಯಾಹ್ನದಲ್ಲಿ ಸುಮ್ಮನೆ ನಿಂತಿರುವುದಾದರೆ ಗೆಲ್ಲುವುದು ಕಿಲಾರಿ.

ಈ ಅಂಗರಚನೆಯ ಮಾತು ನ್ಯಾಯಾಲಯದವರೆಗೂ ಹೋಗಿತ್ತು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ತಡೆದಾಗ ತೀರ್ಪಿನಲ್ಲಿ ಎತ್ತಿನ ಪೀಪಾಯಿಯಂಥ ಮೈ, ದೊಡ್ಡ ಹೊಟ್ಟೆ, ಹೆಚ್ಚು ಬಾಗದ ಕೀಲು ಎಲ್ಲವೂ ಚರ್ಚೆಗೆ ಬಂದವು. ಕುದುರೆಯಂತೆ ಓಡಲು ಹುಟ್ಟಿದ ದೇಹ ಇದಲ್ಲ ಎಂದಿತು ಕೋರ್ಟು. ಬಳಿಕ ಕರ್ನಾಟಕ ಈ ಓಟಗಳಿಗೆ ಅವಕಾಶವಾಗುವಂತೆ 2017ರಲ್ಲಿ ಕಾಯ್ದೆ ತಿದ್ದಿತು, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಕರ್ನಾಟಕದ ತಿದ್ದುಪಡಿ ಹೆಸರಿಸುವುದು ಕಂಬಳವನ್ನು, ಹೋರಿ ಓಟವನ್ನು, ಎತ್ತಿನ ಗಾಡಿ ಓಟವನ್ನು. ಅದೂ ಅನಗತ್ಯ ನೋವು ಕೊಡಬಾರದೆಂಬ ಷರತ್ತಿನ ಮೇಲೆ. ಟ್ರ್ಯಾಕ್ಟರ್ ಬಂದ ಮೇಲೆ ಕಿಲಾರಿ ಸಾಕಲು ಉಳಿದಿರುವ ದೊಡ್ಡ ಕಾರಣವೇ ಶರ್ಯತ್ತು ಎನ್ನುವ ರೈತರ ವಾದದಲ್ಲಿ ಹುರುಳಿದೆ, ನಾನದನ್ನು ತಳ್ಳಿಹಾಕಲಾರೆ. ಜೋಡೆತ್ತಿನ ಚಿಕ್ಕ ಓಟಕ್ಕೆ ಆ ವಾದ ಸಲ್ಲುತ್ತದೆ, ಏಕೆಂದರೆ ಎರಡು ಎಂಜಿನ್ನಿಗೂ ತೂತಿನ ಅಳತೆ ಒಂದೇ. ಕುದುರೆಯ ಪಕ್ಕದಲ್ಲಿ ಕಟ್ಟಿ ಮೈಲಿಗಟ್ಟಲೆ ಓಡಿಸಿದ ಎತ್ತಿನಿಂದ ತಳಿ ಉಳಿಯುತ್ತದೆನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಅಲ್ಲಿ ಪರೀಕ್ಷೆ ನಡೆಯುವುದು ಕಿಲಾರಿಯ ಗುಣದ್ದಲ್ಲ, ಕಿಲಾರಿಯಲ್ಲಿ ಇಲ್ಲದ ಗುಣದ್ದು.

ಶರ್ಯತ್ತು ನೋಡಲು ಹೋಗುವವರು ಗಾಡಿ ಗೆರೆ ದಾಟಿದ ಮೇಲೆ ನಿಶಾನೆ ಹಿಡಿದವನನ್ನು ಬಿಟ್ಟು ಪ್ರಾಣಿಗಳ ಮೂತಿ ನೋಡಬೇಕು. ಕುದುರೆ ಉಸಿರಾಡುವುದು ಮೂಗಿನಿಂದ ಮಾತ್ರ. ಅದರ ಗಂಟಲಿನ ಕಟ್ಟೋಣದಲ್ಲಿ ಬಾಯಿಯಿಂದ ಉಸಿರೆಳೆಯುವ ದಾರಿಯೇ ಇಲ್ಲ. ಎಷ್ಟೇ ದಣಿದರೂ ಹೊಳ್ಳೆ ಅರಳುತ್ತದೆ, ಬಾಯಿ ತೆರೆಯುವುದಿಲ್ಲ. ಎತ್ತೂ ಸಾಮಾನ್ಯವಾಗಿ ಮೂಗಿನಲ್ಲೇ ಉಸಿರಾಡುವ ಪ್ರಾಣಿ, ಆದರೆ ಅದಕ್ಕೆ ಬಾಯಿಯ ದಾರಿಯೂ ಉಂಟು. ಶಾಖ ಮಿತಿ ಮೀರಿದರೆ ಮೊದಲು ಪಕ್ಕೆಗಳು ಬೇಗಬೇಗ ಆಡುತ್ತವೆ, ಬಾಯಿಯಿಂದ ಜೊಲ್ಲು ಇಳಿಯುತ್ತದೆ. ಆಮೇಲೆ ಬಾಯಿ ತೆರೆಯುತ್ತದೆ, ಕತ್ತು ಮುಂದಕ್ಕೆ ಚಾಚಿ ನಾಲಿಗೆ ಹೊರಬೀಳುತ್ತದೆ. ನಾಲಿಗೆ ಹೊರಬಿದ್ದ ಎತ್ತು ಅಂದಿನ ಓಟ ಮುಗಿಸಿದ ಎತ್ತು. ಅದನ್ನು ನೆರಳಿಗೆ ಕಟ್ಟಿ, ಮೈಗೆ ನೀರು ಸುರಿದು, ಉಸಿರು ಹದಕ್ಕೆ ಬರುವತನಕ ಕಾಯಬೇಕು. ಎರಡನೆಯ ಸುತ್ತಿಗೆ ಹೂಡಲು ಬಂದವರಿಗೆ ಆ ನಾಲಿಗೆಯನ್ನೇ ತೋರಿಸಿದರೆ ಸಾಕು.