ಗಾಳಿ ಅಳೆಯೋಕೂ ಊರಿಗೊಂದು ಕಣ ಬೇಕು

ಸುಗ್ಗಿ ಕಾಲದ ಕಣ ನೋಡಿದವರಿಗೆ ಗಾಳಿಯ ಮಾತು ಹೊಸದಲ್ಲ. ನಾಲ್ಕು ಮನೆಯವರು ಸೇರಿ ಒಂದೇ ಕಣ ಸಾರಿಸಿ, ಸರದಿ ಪ್ರಕಾರ ರಾಶಿ ತೂರಿಕೊಳ್ಳುತ್ತಿದ್ದರು. ಮೊರ ಎತ್ತುವ ಮುಂಚೆ ಒಂದು ಹಿಡಿ ಹೊಟ್ಟು ತೂರಿ, ಗಾಳಿ ಎತ್ತ ಕಡೆಗಿದೆ ಅಂತ ನೋಡಿಕೊಳ್ಳೋರು. ಪೇಟೆ ಸೇರಿದ ಮೇಲೆ ನಾವು ಅಷ್ಟನ್ನೂ ಮರೆತೆವು. ಈ ಗಳಿಗೆಯಲ್ಲಿ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಗಾಳಿ ಎತ್ತ ಬೀಸ್ತಾ ಇದೆ ಅಂತ ಕೇಳಿದರೆ ಉತ್ತರ ಹೇಳೋರು ಯಾರು ಸ್ವಾಮಿ?

ಇದೇನು ತಲೆಹರಟೆ ಪ್ರಶ್ನೆ ಅನ್ನಬೇಡಿ. ಕುಡಿಯುವ ನೀರು ಶುದ್ಧ ಮಾಡುವಲ್ಲಿ ಕ್ಲೋರಿನ್ ಸಿಲಿಂಡರ್ ಇರುತ್ತೆ. ಐಸ್ ಫ್ಯಾಕ್ಟರಿ, ಕೋಲ್ಡ್ ಸ್ಟೋರೇಜ್‌ಗಳಲ್ಲಿ ಅಮೋನಿಯಾ ಇರುತ್ತೆ. ಹೆದ್ದಾರಿಯಲ್ಲಿ ಹಗಲೂ ರಾತ್ರಿ ಗ್ಯಾಸ್ ಟ್ಯಾಂಕರ್ ಓಡ್ತವೆ. ಒಂದು ವಾಲ್ವ್ ಸೋರಿದರೆ ಜನ ಯಾವ ಕಡೆಗೆ ಓಡಬೇಕು?

1984ರ ಡಿಸೆಂಬರ್ 2ರ ರಾತ್ರಿ ಭೋಪಾಲಿನಲ್ಲಿ ಆದದ್ದು ಇದೇ. ಸುಮಾರು 40 ಟನ್ ಮೀಥೈಲ್ ಐಸೋಸೈನೇಟ್ ಹೊರಬಿತ್ತು. ಗಾಳಿಗಿಂತ ಭಾರವಾದ ಅನಿಲ. ಚಳಿಯ ರಾತ್ರಿ, ಮಂದ ಗಾಳಿ. ಅದು ಮೇಲೇಳದೆ ನೆಲ ಹಿಡಿದು ಗಲ್ಲಿಗಲ್ಲಿಯಲ್ಲೂ ಹರಿಯಿತು. ದಿಕ್ಕು ಹೇಳೋರಿಲ್ಲದೆ ಎಷ್ಟೋ ಮಂದಿ ಅನಿಲ ಹೋಗುತ್ತಿದ್ದ ಕಡೆಗೇ ಓಡಿದರು. ಮಧ್ಯಪ್ರದೇಶ ಸರ್ಕಾರದ ಲೆಕ್ಕದಲ್ಲೇ ಸತ್ತವರು 3,787.

ಹುಲ್ಲುಗಾವಲಿನ ಲೆಕ್ಕ ಊರಿಗೆ ಹೊಂದದು

ಹೊಗೆ ಎಷ್ಟು ದೂರ ಹರಡುತ್ತೆ ಅನ್ನೋದಕ್ಕೆ ಸೂತ್ರಗಳಿಲ್ಲವೇ? ಇವೆ. ಆದರೆ ಅವು ಹುಟ್ಟಿದ ಜಾಗ ಯಾವುದು ನೋಡಿ. 1956ರ ಬೇಸಿಗೆಯಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಓನೀಲ್ ಎಂಬಲ್ಲಿ, ಕಣ್ಣು ಹಾಯಿಸಿದಷ್ಟೂ ಹುಲ್ಲೇ ಇರುವ ಬಯಲಲ್ಲಿ, ಸುಮಾರು 70 ಸಲ ಅನಿಲ ಬಿಟ್ಟು ಅಳೆದರು. ಎಷ್ಟೋ ಲೆಕ್ಕಾಚಾರಗಳಿಗೆ ಆ ಪ್ರಯೋಗವೇ ತಳಹದಿ. ಬಯಲಿಗೆ ಆ ಲೆಕ್ಕ ಸರಿ. ಆದರೆ ನಾಲ್ಕಂತಸ್ತಿನ ಲಾಡ್ಜು, ಪಕ್ಕದಲ್ಲೇ ಗುಡಿ, ಎದುರಿಗೆ ತಗಡಿನ ಮಂಡಿ ಇರುವ ಪೇಟೆಬೀದಿಗೆ? ಅಲ್ಲಿ ಗಾಳಿ ಗೋಡೆಗೆ ಬಡಿದು ಸುಳಿ ಸುತ್ತುತ್ತೆ, ಅಡ್ಡರಸ್ತೆಗೆ ನುಗ್ಗುತ್ತೆ, ಕಟ್ಟಡದ ಮರೆಯಲ್ಲಿ ಅಲ್ಲೇ ನಿಂತೂ ಬಿಡುತ್ತೆ. ಊರಾಚೆ ವಿಮಾನ ನಿಲ್ದಾಣದಲ್ಲಿ ಅಳೆದ ಗಾಳಿ ಊರೊಳಗಿನ ಗಾಳಿಯ ಗುಟ್ಟು ಹೇಳದು.

ಅದಕ್ಕೇ ವಿಜ್ಞಾನಿಗಳು ಬಯಲು ಬಿಟ್ಟು ಊರೊಳಗೆ ಬಂದರು. 2000ದ ಅಕ್ಟೋಬರ್‌ನಲ್ಲಿ ಸಾಲ್ಟ್ ಲೇಕ್ ಸಿಟಿ, 2003ರ ಜುಲೈನಲ್ಲಿ ಓಕ್ಲಹಾಮಾ ಸಿಟಿ. ಈ ಎರಡನೆಯದು ದೊಡ್ಡ ಜಾತ್ರೆ. ರಕ್ಷಣಾ ಇಲಾಖೆ, ಆಂತರಿಕ ಭದ್ರತಾ ಇಲಾಖೆ, ರಾಷ್ಟ್ರೀಯ ಪ್ರಯೋಗಾಲಯಗಳು, ವಿಶ್ವವಿದ್ಯಾಲಯಗಳು, ಜೊತೆಗೆ ಬ್ರಿಟನ್ ಮತ್ತು ಕೆನಡಾದವರು ಎಲ್ಲ ಒಂದೇ ಊರಲ್ಲಿ ಠಿಕಾಣಿ ಹೂಡಿದರು. ಬೀದಿಯಲ್ಲಿ, ಮಹಡಿ ಮೇಲೆ, ಕೊನೆಗೆ ಕ್ರೇನಿನಿಂದ ತೂಗುಬಿಟ್ಟು ಯಂತ್ರ ಇಟ್ಟರು. ಬಣ್ಣವಿಲ್ಲದ, ವಾಸನೆಯಿಲ್ಲದ, ವಿಷವಲ್ಲದ ಸಲ್ಫರ್ ಹೆಕ್ಸಾಫ್ಲೋರೈಡ್ ಬಿಟ್ಟು ಅದು ಎಲ್ಲೆಲ್ಲಿ ಹೋಯಿತು ಅಂತ ಬೆನ್ನಟ್ಟಿದರು. ಆರು ಸಲ ಹಗಲು, ನಾಲ್ಕು ಸಲ ರಾತ್ರಿ. ಭೂಮಿಯನ್ನು ಬಿಸಿ ಮಾಡುವ ಗುಣ ಈ ಅನಿಲಕ್ಕೆ ಜಾಸ್ತಿ. ಆದ್ದರಿಂದ ಬೇಕಾದಷ್ಟೇ, ಅಳೆದೇ ಬಿಡಬೇಕು.

ಕಂಡದ್ದೇನು? ಅನಿಲ ಬಿಟ್ಟ ಜಾಗದ ಹತ್ತಿರ ಅದು ಗಾಳಿಗೆ ಎದುರಾಗಿಯೂ ಸರಿಯಿತು! ಬಿಡೋದು ನಿಲ್ಲಿಸಿದ ಮೇಲೂ ಎತ್ತರದ ಕಟ್ಟಡಗಳ ಹಿಂದೆ ಅವಿತುಕೊಂಡಿತ್ತು. ರಾತ್ರಿ ಹೊರವಲಯ ತಣ್ಣಗಾಗಿ ಗಾಳಿ ಪದರ ಕಟ್ಟಿದ್ದರೂ, ಕಾಂಕ್ರೀಟಿನ ಪೇಟೆ ಬೆಚ್ಚಗೇ ಇದ್ದು ಗಾಳಿಯನ್ನು ಕದಡುತ್ತಿತ್ತು. ಅದೇ ವರ್ಷ ಲಂಡನ್ನಿನ ಮೇರಿಲ್‌ಬೋನ್ ರಸ್ತೆಯಲ್ಲಿ ಶುರುವಾದ ಪ್ರಯೋಗದಲ್ಲೂ, ಗಾಳಿಯ ದಿಕ್ಕು ಒಂದಿಷ್ಟು ವಾಲಿದರೆ ಸಾಕು, ಚೌಕದಲ್ಲಿ ಅನಿಲ ಹಿಡಿಯುವ ಬೀದಿಯೇ ಬದಲಾಗುತ್ತೆ ಅಂತ ತಿಳಿಯಿತು. ಅಂದಮೇಲೆ 'ಗಾಳಿ ಪಶ್ಚಿಮದಿಂದ, ಪೂರ್ವದವರು ಓಡಿ' ಅನ್ನೋ ಒಂದೇ ಮಾತು ಪೇಟೆಯೊಳಗೆ ಸಾಲದು.

ಕಂಬ ಒಬ್ಬರದು, ಯಂತ್ರ ಇನ್ನೊಬ್ಬರದು

ಒಂದು ತಿಂಗಳ ಜಾತ್ರೆ ಮುಗಿದರೆ ತೇರು ಕೊಟ್ಟಿಗೆ ಸೇರುತ್ತೆ. ಬೇಕಾದದ್ದು ಬಿಚ್ಚದೆ ಉಳಿಯುವ ಕಣ. ಓಕ್ಲಹಾಮಾದವರು ಅದನ್ನೂ ಮಾಡಿ ತೋರಿಸಿದರು. 2008ರಲ್ಲಿ ನಗರದೊಳಗೆ 40 ಹವಾಮಾನ ಕೇಂದ್ರ ಚಾಲೂ ಮಾಡಿದರು. ಅದರಲ್ಲಿ 36 ಕುಳಿತದ್ದು ಎಲ್ಲಿ? ಟ್ರಾಫಿಕ್ ಸಿಗ್ನಲ್ ಕಂಬದ ಮೇಲೆ! ಹೊಸ ಕಂಬದ ಗೊಡವೆ ಇಲ್ಲ, ಕರೆಂಟಿಗೆ ಬೇರೆ ಅರ್ಜಿ ಇಲ್ಲ. ಪೊಲೀಸ್ ಮತ್ತು ಅಗ್ನಿಶಾಮಕದವರಿಗಾಗಿ ನಗರ ಹಾಕಿಸಿದ್ದ ವೈ-ಫೈ ಜಾಲದಲ್ಲೇ ನಿಮಿಷ ನಿಮಿಷಕ್ಕೂ ಲೆಕ್ಕ ಬರುತ್ತಿತ್ತು. ಕಂಬ ನಗರದ್ದು, ಯಂತ್ರ ಓದಿದವರದ್ದು, ಲಾಭ ಎಲ್ಲರದ್ದು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲೂ 2005ರಲ್ಲಿ ಸರ್ಕಾರದ ಹವಾಮಾನ ಸಂಸ್ಥೆ ಮತ್ತು ಯಂತ್ರ ತಯಾರಿಸುವ ಖಾಸಗಿ ಕಂಪನಿ ಹೀಗೇ ಕೈಜೋಡಿಸಿದ್ದವು.

ಜಂಟಿ ಕಣದ ಗುಣ ಇದೇ. ಮಳೆಯವರಿಗೆ ಮಳೆ, ಹೊಗೆಯವರಿಗೆ ಹೊಗೆ, ಸೆಕೆಯವರಿಗೆ ಸೆಕೆ. ಎಲ್ಲರೂ ಒಂದೇ ಲೆಕ್ಕ ನೋಡುವುದರಿಂದ, ಯಾರ ಸೂತ್ರ ಸರಿ, ಯಾರದು ಬೊಗಳೆ ಅಂತ ಪರೀಕ್ಷೆಯೂ ಆಗುತ್ತೆ.

'ಊರ ಮಧ್ಯೆ ಅನಿಲ ಬಿಡ್ತಾರಾ?' ಅಂತ ಯಾರಾದರೂ ಹುಬ್ಬೇರಿಸಿದರೆ ಅದು ತಪ್ಪಲ್ಲ. 1950 ಮತ್ತು 60ರ ದಶಕಗಳಲ್ಲಿ ಅಮೆರಿಕದ ಸೇನೆ ಸೇಂಟ್ ಲೂಯಿಸ್ ನಗರದ ಬಡವರ ಕೇರಿಗಳ ಮೇಲೆ ಸತು-ಕ್ಯಾಡ್ಮಿಯಂ ಸಲ್ಫೈಡ್ ಪುಡಿ ತೂರಿತು. ನಿಜ ಸಂಗತಿ ಅಲ್ಲಿನ ಜನಕ್ಕೆ ಹೇಳಲಿಲ್ಲ. ಆ ಪ್ರಮಾಣದಿಂದ ಹಾನಿಯಾದ ಪುರಾವೆ ಕಾಣಲಿಲ್ಲ ಅಂತ 1997ರಲ್ಲಿ ತಜ್ಞರ ಸಮಿತಿ ವರದಿ ಕೊಟ್ಟಿತೇನೋ ಸರಿ. ಕೆಟ್ಟ ನಂಬಿಕೆ ಮಾತ್ರ ವರದಿಯಿಂದ ರಿಪೇರಿಯಾಗಲಿಲ್ಲ. ಆದ್ದರಿಂದ ಕಣದ ಮೊದಲ ಕಾನೂನು: ಡಂಗುರ ಸಾರದೆ ಏನನ್ನೂ ತೂರಬಾರದು.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. 1988ರಲ್ಲಿ ಬರ ಉಸ್ತುವಾರಿಗೆಂದು ಹುಟ್ಟಿ, ಈಗ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿರುವ ಕರ್ನಾಟಕದ ಸಂಸ್ಥೆ ಗ್ರಾಮ ಪಂಚಾಯಿತಿ ಮಟ್ಟಕ್ಕೂ ಮಳೆಮಾಪಕ ಮುಟ್ಟಿಸಿದೆ. ಹೋಬಳಿಗಳಲ್ಲಿ ಹವಾಮಾನ ಕೇಂದ್ರ ನಿಲ್ಲಿಸಿದೆ. 2020ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆ ಸೇರಿ ರಾಜಧಾನಿಗೆ 'ಬೆಂಗಳೂರು ಮೇಘ ಸಂದೇಶ' ಎಂಬ ಆಪ್ ಕೊಟ್ಟಿತು. ಮಳೆಗೆ ಆದದ್ದು ಬೀದಿಗಾಳಿಗೂ ಆಗಲಿ, ಬೆಂಗಳೂರಿಗೆ ಆದದ್ದು ಜಿಲ್ಲಾ ಕೇಂದ್ರಗಳಿಗೂ ಆಗಲಿ ಅನ್ನೋದೇ ನಮ್ಮ ಅಹವಾಲು.

ಕೋಟಿಗಟ್ಟಲೆ ಯೋಜನೆ ಯಾರೂ ಕೇಳ್ತಿಲ್ಲ. ನಗರಸಭೆ ಹತ್ತು ಕಂಬ ಕೊಡಲಿ. ಎಂಜಿನಿಯರಿಂಗ್ ಕಾಲೇಜು ಹುಡುಗರನ್ನು ಕೊಡಲಿ. ಮಾಲಿನ್ಯ ಮಂಡಳಿ ಮತ್ತು ಹವಾಮಾನ ಇಲಾಖೆ ಯಂತ್ರ, ಬುದ್ಧಿ ಎರಡೂ ಕೊಡಲಿ. ಬಂದ ಲೆಕ್ಕ ಅಗ್ನಿಶಾಮಕ ಠಾಣೆಯ ಗೋಡೆಯ ಮೇಲೂ ಕಾಣಲಿ, ನಾಗರಿಕರ ಕಣ್ಣಿಗೂ ಬೀಳಲಿ. ಯಾವ ಇಲಾಖೆಯೂ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಾರದು.

ಗಾಳಿ ಬಂದಾಗ ತೂರಿಕೋ ಅಂದರು ಹಿರಿಯರು. ವಿಷಗಾಳಿ ಬಂದಾಗ ತೂರೋಕೆ ಪುರುಸೊತ್ತು ಇರೋಲ್ಲ. ಕಣ ಅದಕ್ಕೆ ಮೊದಲೇ ಸಿದ್ಧವಿರಬೇಕು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?