ಶ್ರವಣನರವಿಲ್ಲದವರಿಗೂ ಶಬ್ದ

ಕಿವಿಯು ಶಬ್ದವು ಪ್ರವೇಶಿಸುವ ದ್ವಾರ ಮಾತ್ರ. ನಿಜವಾಗಿ ಕೇಳುವುದು ಮಿದುಳು. ಧ್ವನಿತರಂಗಗಳು ಕಿವಿತಮಟೆಯನ್ನೂ ಮೂರು ಪುಟ್ಟ ಮೂಳೆಗಳನ್ನೂ ಕಂಪಿಸಿ ಒಳಗಿವಿಯ ಶಂಖಾಕೃತಿಯ ಕಾಕ್ಲಿಯಾವನ್ನು ತಲುಪುತ್ತವೆ. ಅಲ್ಲಿನ ರೋಮಕೋಶಗಳು ಆ ಕಂಪನವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತವೆ. ಶ್ರವಣನರವು ಅದನ್ನು ಮಿದುಳುಕಾಂಡಕ್ಕೆ ಒಯ್ಯುತ್ತದೆ.

ರೋಮಕೋಶಗಳಷ್ಟೇ ನಾಶವಾಗಿದ್ದರೆ ಇಂದು ಹೆಸರುವಾಸಿಯಾಗಿರುವ ಕಾಕ್ಲಿಯರ್ ಇಂಪ್ಲಾಂಟ್ ನೆರವಾಗುತ್ತದೆ. ಅದು ನೇರವಾಗಿ ನರವನ್ನೇ ಪ್ರಚೋದಿಸುತ್ತದೆ. ಆದರೆ ನರವೇ ಇಲ್ಲದಿದ್ದರೆ? ತಂತಿ ತುಂಡಾದ ದೂರವಾಣಿಗೆ ಎಂತಹ ಉಪಕರಣ ಜೋಡಿಸಿದರೂ ವ್ಯರ್ಥವಷ್ಟೆ. ನ್ಯೂರೋಫೈಬ್ರೊಮಟೋಸಿಸ್ ಎರಡನೆಯ ಬಗೆ ಎಂದು ಪ್ರಸಿದ್ಧವಾದ ಆನುವಂಶಿಕ ರೋಗದಲ್ಲಿ ಸಾಮಾನ್ಯವಾಗಿ ಎರಡೂ ಕಿವಿಗಳ ನರಗಳ ಮೇಲೆ ಗಡ್ಡೆಗಳು ಬೆಳೆಯುತ್ತವೆ. ಇವು ಕ್ಯಾನ್ಸರ್ ಅಲ್ಲ. ಆದರೂ ಮಿದುಳುಕಾಂಡವನ್ನು ಒತ್ತುವುದರಿಂದ ಪ್ರಾಣಾಪಾಯವುಂಟು. ಗಡ್ಡೆಯನ್ನು ತೆಗೆಯುವಾಗ ಅನೇಕ ವೇಳೆ ನರವನ್ನೂ ಕಳೆದುಕೊಳ್ಳಬೇಕಾಗುತ್ತದೆ.

ಇಂತಹ ಒಬ್ಬ ರೋಗಿಗೆ ೧೯೭೯ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ವಿಲಿಯಂ ಹೌಸ್ ಮತ್ತು ವಿಲಿಯಂ ಹಿಟ್ಸೆಲ್‌ಬರ್ಗರ್ ಎಂಬ ಶಸ್ತ್ರವೈದ್ಯರು ಹೊಸ ಮಾರ್ಗವೊಂದನ್ನು ಪ್ರಯೋಗಿಸಿದರು. ನರವನ್ನು ಬಿಟ್ಟು, ಅದು ಹೋಗಿ ಸೇರುವ ಮಿದುಳುಕಾಂಡದ ಶ್ರವಣಕೇಂದ್ರದ ಮೇಲೆಯೇ ವಿದ್ಯುದ್ವಾರವನ್ನು ಇರಿಸಿದರು. ಶಬ್ದದ ಅನುಭವ ಮರಳಿತು. ೨೦೦೦ದಲ್ಲಿ ಅಮೆರಿಕ ಸರ್ಕಾರವು ಈ ರೋಗವುಳ್ಳ, ೧೨ ವರ್ಷ ತುಂಬಿದವರಿಗೆ ಇಂತಹ ಸಾಧನವನ್ನು ಅಳವಡಿಸಲು ಅನುಮತಿ ನೀಡಿತು.

ಕಿವಿಯ ಹಿಂದಿನ ಯಂತ್ರವು ಶಬ್ದವನ್ನು ಗ್ರಹಿಸಿ ಸಂಸ್ಕರಿಸುತ್ತದೆ; ತಲೆಯ ಚರ್ಮದಡಿಯ ಗ್ರಾಹಕವು ಅದನ್ನು ಪಡೆದು, ಹಲವು ವಿದ್ಯುದ್ವಾರಗಳುಳ್ಳ ಪುಟ್ಟ ಫಲಕಕ್ಕೆ ಕಳುಹಿಸುತ್ತದೆ. ಶಸ್ತ್ರಕ್ರಿಯೆಯಾದ ಕೆಲವು ವಾರಗಳ ನಂತರ ತಜ್ಞರು ಒಂದೊಂದೇ ವಿದ್ಯುದ್ವಾರವನ್ನು ಪರೀಕ್ಷಿಸುತ್ತಾರೆ. ಶಬ್ದಕ್ಕೆ ಬದಲಾಗಿ ಜೋಮು ಅಥವಾ ತಲೆಸುತ್ತು ತರುವಂಥವನ್ನು ನಿಲ್ಲಿಸಿಬಿಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಶಬ್ದ ಮರಳುವುದೂ ಮಾತು ತಿಳಿಯುವುದೂ ಒಂದೇ ಅಲ್ಲ. ಗಡ್ಡೆಯ ರೋಗಿಗಳಲ್ಲಿ ಹೆಚ್ಚಿನವರಿಗೆ ಬಾಗಿಲ ಗಂಟೆ, ವಾಹನದ ಸದ್ದು, ಮಾತಿನ ಲಯ ತಿಳಿಯುತ್ತವೆ. ತುಟಿಚಲನೆಯನ್ನು ನೋಡಿ ಅರ್ಥಮಾಡಿಕೊಳ್ಳುವುದು ಸುಲಭವಾಗುತ್ತದೆ. ಕೇವಲ ಕೇಳಿಯೇ ಮಾತನ್ನು ಗ್ರಹಿಸಬಲ್ಲವರು ಕೆಲವರೇ. ಸಂಪೂರ್ಣ ನಿಶ್ಶಬ್ದದಲ್ಲಿದ್ದವರಿಗೆ ಇಷ್ಟೂ ಅಲ್ಪಲಾಭವಲ್ಲ.

ಹುಟ್ಟಿನಿಂದಲೇ ಶ್ರವಣನರವಿಲ್ಲದ ಮಕ್ಕಳಿಗೂ ಈ ಚಿಕಿತ್ಸೆ ವಿಸ್ತರಿಸಿದೆ. ನಮ್ಮ ದೇಶದಲ್ಲಿ ಚೆನ್ನೈನ ಮದ್ರಾಸ್ ಇ.ಎನ್.ಟಿ. ರಿಸರ್ಚ್ ಫೌಂಡೇಷನ್ ಇದನ್ನು ನಡೆಸಿದೆ. ಮಕ್ಕಳಲ್ಲಿ ಫಲ ಬೇಗ ಕಾಣದು. ವರ್ಷಗಳ ವಾಕ್-ಶ್ರವಣ ತರಬೇತಿ ಬೇಕು. ಆದುದರಿಂದ ಕೂಸು ಸದ್ದಿಗೆ ಬೆಚ್ಚದಿದ್ದರೆ 'ನಿಧಾನವಾಗಿ ಸರಿಹೋದೀತು' ಎಂದು ಕಾಯದೆ ಪರೀಕ್ಷಿಸಿರಿ. ನರ ಇದೆಯೇ ಇಲ್ಲವೇ ಎಂಬುದನ್ನು ಎಂ.ಆರ್.ಐ. ಚಿತ್ರದಿಂದ ಬಹುಮಟ್ಟಿಗೆ ಅರಿಯಬಹುದು. ಯಾವ ಸಾಧನವೆಂಬ ನಿರ್ಧಾರವು ಅದನ್ನೇ ಅವಲಂಬಿಸಿದೆ.